ನೀಸ್ ಊರಿನ ತಾಪಮಾನದ ಪಟ್ಟಿಯನ್ನು ಬಳ್ಳಾರಿಯವರು ಓದೋದು ಹೇಗೆ

ನನ್ನ ತಮ್ಮ ಫ್ರಾನ್ಸಿನ ನೀಸ್ ಊರಿಗೆ ಕೆಲಸಕ್ಕೆ ಹೋದ ಮೇಲೆ ನಮ್ಮ ಮನೆಯವರೆಲ್ಲರ ಮೊಬೈಲಿಗೂ ಒಂದು ಹೊಸ ಊರು ಬಂತು. ಹವಾಮಾನದ ಆಪ್ ತೆಗೆದರೆ ಮೇಲೆ ಬಳ್ಳಾರಿ 37, ಕೆಳಗೆ ನೀಸ್ 15. ಅವ್ವ ದಿನಾ ಬೆಳಗ್ಗೆ ಚಹಾ ಸೋಸುತ್ತಾ "ಅಲ್ಲಿ ಇವತ್ತು ಎಷ್ಟೈತೆ ನೋಡು" ಅಂತ ಕೇಳೋದು, ನಾನು ಅಂಕಿ ಹೇಳೋದು. ಆ 15 ಮೈಮೇಲೆ ಬಿದ್ದರೆ ಹೇಗಿರುತ್ತದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಮಾರ್ಚ್ ಕೊನೆಯಲ್ಲಿ, ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋದಾಗ. ಹೊರಡುವ ಮೊದಲು ನಾನು ಪಟ್ಟಿ ನೋಡಿದ್ದೆ. ಮಾರ್ಚ್, 15 ಡಿಗ್ರಿ, ಬಿಸಿಲು ಅಂತ ಇತ್ತು. ಫೋಟೋಗಳಲ್ಲಿ ನೀಲಿ ಸಮುದ್ರ, ತಾಳೆ ಜಾತಿಯ ಮರಗಳು. "ಊಟಿ ಥರ ಇರುತ್ತೆ ಬಿಡವ್ವಾ, ಒಂದು ಸ್ವೆಟರ್ ಸಾಕು" ಅಂದೆ. ಅವ್ವ ಹತ್ತಿ ಸೀರೆ, ಒಂದು ಶಾಲು, ಕಾಲಿಗೆ ದಿನಾ ಹಾಕುವ ಚಪ್ಪಲಿ. ಮೊದಲ ಸಂಜೆ ಕಡಲ ದಂಡೆಯ ರಸ್ತೆಯಲ್ಲಿ ನಡೆಯುತ್ತಿದ್ದೆವು. ಬಿಸಿಲಿದ್ದಷ್ಟು ಹೊತ್ತು ಪರವಾಗಿರಲಿಲ್ಲ. ರಸ್ತೆ ದಾಟಿ ಕಟ್ಟಡದ ನೆರಳಿಗೆ ಕಾಲಿಟ್ಟೆವು ನೋಡಿ, ಅವ್ವ ನಿಂತೇ ಬಿಟ್ಟಳು. ಸೆರಗನ್ನು ತಲೆ ಮೇಲಿಂದ ಎಳೆದು ಕಿವಿ ಮುಚ್ಚಿಕೊಂಡು, "ಬಿಸಿಲೇನೋ ಐತೆ, ಕಾವೇ ಇಲ್ಲಲ್ಲೋ" ಅಂದಳು.

ಅವ್ವ ಹೇಳಿದ ಆ ಮಾತೇ ಇಡೀ ವಿಷಯ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು ಮೆಡಿಟರೇನಿಯನ್ ಕಡಲೂರಿನ ತಾಪಮಾನ ಓದುವಾಗ ಅಂಕಿಯನ್ನು ನಮ್ಮ ಅಳತೆಗೆ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ಪೆಟ್ಟಿಗೆ ತುಂಬಾ ತಪ್ಪು ಬಟ್ಟೆ. ನಾನು ಪಾಠ ಕಲಿತದ್ದು ನಡುಗಿಕೊಂಡು. ನೀವು ಓದಿ ಕಲಿಯಿರಿ.

ಮೊದಲು ನಿಮ್ಮ ಮನೆಯ ಅಳತೆ ತೆಗೆದುಕೊಳ್ಳಿ

ಗೋಡೆಗೆ ನೇತು ಹಾಕುವ ಒಂದು ಸಾದಾ ಥರ್ಮಾಮೀಟರ್ ತಂದು ನಡುಮನೆಯಲ್ಲಿ ಹಾಕಿ, ಬಿಸಿಲು ಬೀಳದ ಕಡೆ. ಒಂದು ವಾರ ಬೆಳಗ್ಗೆ 6ಕ್ಕೂ ಮಧ್ಯಾಹ್ನ 3ಕ್ಕೂ ಅಂಕಿ ಬರೆದಿಡಿ. ಪಕ್ಕದಲ್ಲಿ ಆಗ ನಿಮಗೆ ಹೇಗನಿಸಿತು ಅಂತ ಒಂದು ಪದ: ಸೆಕೆ, ಹಿತ, ಚಳಿ. ಹುಚ್ಚಾಟ ಅನಿಸಬಹುದು, ಆದರೆ ಇದರಿಂದ ಒಂದು ವಿಷಯ ತಿಳಿಯುತ್ತದೆ. ಬಳ್ಳಾರಿಯಲ್ಲಿ ಜನವರಿ ಬೆಳಗಿನ ಜಾವ ಹೊರಗೆ 16, 17 ಡಿಗ್ರಿ ಇರುತ್ತದೆ. ಹಾಲು ಹಾಕುವವನು ಮಂಕಿ ಕ್ಯಾಪ್ ಹಾಕಿಕೊಂಡು ಬರುತ್ತಾನೆ, ಬೀದಿ ತುದಿಯಲ್ಲಿ ಕಸ ಗುಡ್ಡೆ ಹಾಕಿ ಬೆಂಕಿ ಕಾಯಿಸುತ್ತಾರೆ. ಆದರೆ ಅದೇ ಹೊತ್ತಿಗೆ ನನ್ನ ಮನೆಯೊಳಗೆ 24! ಅಂದರೆ ನಾವು "ಚಳಿ" ಅನ್ನುವುದು ಹೊರಗಿನ ಚಳಿಗೆ. ಮನೆಯೊಳಗಿನ ಚಳಿ ನಮಗೆ ಹೆಚ್ಚುಕಮ್ಮಿ ಗೊತ್ತೇ ಇಲ್ಲ.

ಈಗ ನೀಸಿನ ಪಟ್ಟಿ ತೆಗೆಯಿರಿ. ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ ಸುಮಾರು 17. ಗರಿಷ್ಠ, ಅಂದರೆ ಮಧ್ಯಾಹ್ನದ ಅಂಕಿ. ನಮ್ಮ ಜನವರಿ ಬೆಳಗಿನ ಜಾವ ಅವರ ಏಪ್ರಿಲ್ ಮಧ್ಯಾಹ್ನ. ಇದೊಂದು ಲೆಕ್ಕ ತಲೆಯಲ್ಲಿ ಕುಳಿತರೆ ಅರ್ಧ ಕೆಲಸ ಮುಗಿಯಿತು.

ಪರೀಕ್ಷೆ ಮಾಡಿ ನೋಡಬೇಕು ಅನಿಸಿದರೆ ಎಸಿ ಇರುವ ಕೋಣೆಯಲ್ಲಿ 16ಕ್ಕೆ ಇಟ್ಟು ಒಂದು ಗಂಟೆ ಸುಮ್ನೆ ಕುಳಿತುಕೊಳ್ಳಿ, ಟಿವಿ ನೋಡುತ್ತಾ ಇರಿ. ಇದನ್ನು ಮೇ ತಿಂಗಳಲ್ಲಿ ಮಾಡಬೇಡಿ, ನಮ್ಮ ಕಾಂಕ್ರೀಟ್ ಮಾಳಿಗೆ ಕೆಳಗೆ ಎಸಿ ಎಷ್ಟು ಒದ್ದಾಡಿದರೂ 16ಕ್ಕೆ ಇಳಿಯುವುದಿಲ್ಲ. ಜನವರಿ ರಾತ್ರಿ ಮಾಡಿ. ಯಾವ ಬಟ್ಟೆ ಹಾಕಿಕೊಂಡ ಮೇಲೆ ಎದ್ದು ಹೋಗಬೇಕು ಅನಿಸಲಿಲ್ಲವೋ ಆ ಬಟ್ಟೆ ಏಪ್ರಿಲ್‌ಗೆ ಸರಿ.

ಒಂದು ಅಂಕಿ ನೋಡಿ ಮೋಸ ಹೋಗಬೇಡಿ

ನಾನು ಮಾಡಿದ ತಪ್ಪು ಇದೇ, ಬರೀ ಗರಿಷ್ಠ ನೋಡಿದ್ದೆ. ಕನಿಷ್ಠವನ್ನೂ ನೋಡಿ. ನೀಸಿನಲ್ಲಿ ಜನವರಿಯಲ್ಲಿ ಗರಿಷ್ಠ 13ರ ಆಸುಪಾಸು, ಕನಿಷ್ಠ 5, 6. ಮಾರ್ಚಿನಲ್ಲಿ 15 ಮತ್ತು 8. ಮೇ ತಿಂಗಳಲ್ಲಿ 21 ಮತ್ತು 14. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ 27, 28, ರಾತ್ರಿ 20ರ ಸುತ್ತ. ಅಕ್ಟೋಬರ್ 21 ಮತ್ತು 14. ಡಿಸೆಂಬರಿಗೆ ಮತ್ತೆ 14 ಮತ್ತು 6. ಇವೆಲ್ಲಾ ಸರಾಸರಿ. ಇಂಥ ಸರಾಸರಿಯನ್ನು 30 ವರ್ಷದ ದಾಖಲೆ ಕೂಡಿಸಿ ತೆಗೆಯುತ್ತಾರೆ, ಹಾಗಾಗಿ ನೀವು ಹೋದ ವಾರ 5 ಡಿಗ್ರಿ ಮೇಲೆ ಕೆಳಗೆ ಆದರೆ ಯಾರನ್ನೂ ಬೈಯುವ ಹಾಗಿಲ್ಲ. ಇನ್ನೊಂದು ಮಾತು, ಈ ಅಂಕಿ ನೀಸ್ ವಿಮಾನ ನಿಲ್ದಾಣದ್ದು, ಅದು ಸಮುದ್ರಕ್ಕೆ ಚಾಚಿಕೊಂಡೇ ಇದೆ. ಅದೂ ನೆರಳಿನಲ್ಲಿಟ್ಟ ಥರ್ಮಾಮೀಟರಿನ ಅಂಕಿ. ಬಿಸಿಲಲ್ಲಿ ನಿಂತವನಿಗೆ ಜಾಸ್ತಿ ಅನಿಸುತ್ತದೆ, ಗುಡ್ಡದ ಮೇಲಿನ ಬಡಾವಣೆಯಲ್ಲಿ ರಾತ್ರಿ ಇನ್ನೂ ಕಡಿಮೆ.

ಗರಿಷ್ಠಕ್ಕೂ ಕನಿಷ್ಠಕ್ಕೂ ನಡುವೆ ಎಷ್ಟು ಅಂತರ ಅಂತಲೂ ಗಮನಿಸಿ. ನೀಸಿನಲ್ಲಿ ವರ್ಷವಿಡೀ 7, 8 ಡಿಗ್ರಿ ಅಷ್ಟೇ. ಬಳ್ಳಾರಿಯಲ್ಲಿ ಬೇಸಿಗೆಯಲ್ಲಿ 14, 15 ಡಿಗ್ರಿ ಅಂತರ ಬರುತ್ತದೆ. ಸಮುದ್ರ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ, ಪಕ್ಕದ ಊರನ್ನೂ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕಲ್ಲು ಗುಡ್ಡ, ಕಪ್ಪು ನೆಲ ಮಧ್ಯಾಹ್ನ ಕೆಂಡದಂತೆ ಕಾಯುತ್ತವೆ. ಹಾಗಾಗಿ ನೀಸಿನಲ್ಲಿ "ಮಧ್ಯಾಹ್ನ ಬಿಸಿಯಾಗುತ್ತದೆ ಬಿಡು, ಆಗ ಸ್ವೆಟರ್ ತೆಗೆದರಾಯಿತು" ಅನ್ನುವ ಲೆಕ್ಕ ಚಳಿಗಾಲದಲ್ಲಿ ನಡೆಯುವುದಿಲ್ಲ. ಬೆಳಗ್ಗೆ ಹಾಕಿದ ಸ್ವೆಟರ್ ರಾತ್ರಿಯವರೆಗೂ ಮೈಮೇಲೇ.

ಅವ್ವನ "ಬಿಸಿಲೈತೆ, ಕಾವಿಲ್ಲ" ಅನ್ನುವ ಮಾತಿಗೂ ಕಾರಣ ಇದೆ. ಬಳ್ಳಾರಿ ಇರುವುದು 15 ಡಿಗ್ರಿ ಅಕ್ಷಾಂಶದಲ್ಲಿ, ನೀಸ್ 43.7ರಲ್ಲಿ. ಮಾರ್ಚ್ ಕೊನೆಯಲ್ಲಿ ನಮ್ಮಲ್ಲಿ ನಡುಮಧ್ಯಾಹ್ನದ ಸೂರ್ಯ ಸುಮಾರು 75 ಡಿಗ್ರಿ ಮೇಲಿರುತ್ತಾನೆ, ನೆತ್ತಿಗೆ ಹತ್ತಿರ. ಅಲ್ಲಿ ಅದೇ ದಿನ 50 ಡಿಗ್ರಿಗೂ ಏರುವುದಿಲ್ಲ. ಡಿಸೆಂಬರಿನಲ್ಲಂತೂ ಬರೀ 23. ಓರೆಯಾಗಿ ಬೀಳುವ ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಬೆನ್ನಿಗೆ ಕಾವು ಕೊಡುವುದಿಲ್ಲ, ಆಮೇಲೆ ಕಟ್ಟಡಗಳ ನೆರಳು ಇಡೀ ಬೀದಿ ನುಂಗುತ್ತದೆ. ಬಿಸಿಲಿನ ಚಿತ್ರ ನೋಡಿ ಬಟ್ಟೆ ಕಟ್ಟಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಮನೆಯೊಳಗಿನ ಚಳಿ

ಇದನ್ನು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ, ನಮ್ಮವರಿಗೆ ಜಾಸ್ತಿ ಕಾಡುವುದು ಇದೇ. ಫ್ರಾನ್ಸಿನಲ್ಲಿ ಮನೆಯನ್ನು 19 ಡಿಗ್ರಿಗಿಂತ ಜಾಸ್ತಿ ಬೆಚ್ಚಗೆ ಇಡಬಾರದು ಅಂತ ನಿಯಮವೇ ಇದೆ. ಬಳ್ಳಾರಿಯ ಮನೆಯೊಳಗೆ 19 ಅನ್ನುವ ಅಂಕಿಯನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ತಮ್ಮನ ಬಾಡಿಗೆ ಮನೆಯಲ್ಲಿ ನೆಲಕ್ಕೆ ಟೈಲ್ಸು. ಬೇಸಿಗೆಗೆ ಅದು ಚಂದ, ಮಾರ್ಚಿಗೆ ಬರಿಗಾಲಿಟ್ಟರೆ ಐಸಿನ ಮೇಲೆ ಇಟ್ಟ ಹಾಗೆ. ಅವ್ವ ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಬರಿಗಾಲಲ್ಲಿ ಅಡುಗೆಮನೆಗೆ ಹೋದವಳು ಎರಡೇ ಹೆಜ್ಜೆಗೆ ವಾಪಸ್ ಬಂದು ಮಂಚ ಹತ್ತಿ ಕುಳಿತಳು. ಮೂರನೇ ದಿನಕ್ಕೆ ಕಟ್ಟಡದವರು ಚಳಿಗಾಲ ಮುಗಿಯಿತು ಅಂತ ಹೀಟರ್ ಆಫ್ ಮಾಡಿಬಿಟ್ಟರು. ಕೇಳಿದರೆ "ವಸಂತ ಬಂತಲ್ಲ" ಅನ್ನುವ ಧಾಟಿಯ ಉತ್ತರ. ವಸಂತವಂತೆ! ನಾವು ಯುಗಾದಿಗೆ ಫ್ಯಾನ್ ಐದರಲ್ಲಿ ಇಡುವವರು.

ಆದ್ದರಿಂದ ಅಕ್ಟೋಬರಿನಿಂದ ಏಪ್ರಿಲ್ ನಡುವೆ ಹೋಗುವುದಾದರೆ ಕೋಟಿಗಿಂತ ಮೊದಲು ಇವನ್ನು ಕಟ್ಟಿಕೊಳ್ಳಿ: ದಪ್ಪ ಉಣ್ಣೆ ಕಾಲುಚೀಲ ನಾಲ್ಕು ಜೊತೆ, ಮನೆಯೊಳಗೆ ಹಾಕಲು ಹಿಂಭಾಗ ಮುಚ್ಚಿದ ಚಪ್ಪಲಿ, ಒಳಗೆ ಹಾಕುವ ಥರ್ಮಲ್ ಎರಡು ಜೊತೆ. ಸೀರೆ ಉಡುವವರು ಒಳಗೆ ಥರ್ಮಲ್ ಪ್ಯಾಂಟ್ ಹಾಕಿಕೊಂಡರೆ ಹೊರಗೆ ಯಾರಿಗೂ ಕಾಣುವುದಿಲ್ಲ. ಅವ್ವ ಮೊದಲು ಒಪ್ಪಲಿಲ್ಲ, ನಾಲ್ಕನೇ ದಿನ ತಾನೇ ಕೇಳಿ ಹಾಕಿಕೊಂಡಳು. ಒಂದೇ ದಪ್ಪ ಜಾಕೆಟ್ಟಿಗಿಂತ ಮೂರು ತೆಳ್ಳನೆ ಪದರ ಒಳ್ಳೆಯದು. ಪದರಗಳ ನಡುವೆ ಸಿಕ್ಕಿದ ಗಾಳಿಯೇ ಮೈ ಕಾಯುತ್ತದೆ, ಬಸ್ಸಿನೊಳಗೆ ಬಿಸಿಯಾದರೆ ಒಂದನ್ನು ತೆಗೆಯಬಹುದು.

ಪ್ಯಾಂಟಿನ ಚಿಂತೆ ಬೇಡ, ನಾವು ಜೀನ್ಸಿನ ಊರಿನವರು. ಮಾರ್ಚಿನಿಂದ ಮೇವರೆಗೆ, ಮತ್ತೆ ಅಕ್ಟೋಬರ್, ನವೆಂಬರಿನಲ್ಲಿ ನೀಸಿನ ಹವೆಗೆ ಬಳ್ಳಾರಿ ಜೀನ್ಸ್ ಹೇಳಿ ಮಾಡಿಸಿದ ಹಾಗಿದೆ. ನಮ್ಮೂರಲ್ಲಿ ಹೊಲಿಯುತ್ತೇವೆ, ಏಪ್ರಿಲ್‌ನಲ್ಲಿ ಹಾಕಿಕೊಂಡು ಬೇಯುತ್ತೇವೆ. ತಮಾಷೆ ಏನೆಂದರೆ ಡೆನಿಮ್ ಅನ್ನುವ ಪದ ದಕ್ಷಿಣ ಫ್ರಾನ್ಸಿನ ನೀಮ್ ಊರಿನಿಂದಲೂ, ಜೀನ್ಸ್ ಅನ್ನುವುದು ಇಟಲಿಯ ಜಿನೋವಾ ಬಂದರಿನಿಂದಲೂ ಬಂತು ಅನ್ನುತ್ತಾರೆ. ಎರಡೂ ನೀಸಿನ ಆಚೀಚೆಯ ಊರುಗಳೇ. ಬಟ್ಟೆ ತವರಿಗೆ ಹೋದ ಹಾಗಾಯಿತು.

ಬೇಸಿಗೆಯಲ್ಲಿ ಉಲ್ಟಾ ಮೋಸ

ಜುಲೈನಲ್ಲಿ ಗರಿಷ್ಠ 27 ಅಂತ ನೋಡಿ ಬಳ್ಳಾರಿಯವರು ನಗುತ್ತಾರೆ. 41, 42 ನೋಡಿದವರಿಗೆ 27 ಅಂದರೆ ಮಳೆಗಾಲ. ತಡೆಯಿರಿ. ನಮ್ಮ ಬಿಸಿಲು ಒಣ ಬಿಸಿಲು, ಬೆವರು ಬಂದದ್ದೇ ಗೊತ್ತಾಗದ ಹಾಗೆ ಆರಿಹೋಗುತ್ತದೆ, ಆರುವಾಗ ಮೈ ತಂಪು ಮಾಡುತ್ತದೆ. ಮನೆಯ ಕೂಲರ್ ಕೆಲಸ ಮಾಡುವುದೂ ಇದೇ ಲೆಕ್ಕದಲ್ಲಿ, ಒಣ ಗಾಳಿ ಹುಲ್ಲಿನ ನೀರನ್ನು ಹೀರಿಕೊಂಡು ತಣ್ಣಗಾಗುತ್ತದೆ. ಕಡಲೂರಿನ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ. ಬೆವರು ಆರುವುದಿಲ್ಲ, ಅಂಗಿ ಬೆನ್ನಿಗೆ ಅಂಟುತ್ತದೆ. ಮಂಗಳೂರು, ಕಾರವಾರಕ್ಕೆ ಹೋಗಿ ಬಂದವರಿಗೆ ಇದು ಗೊತ್ತು. ನೀಸಿನ ಆಗಸ್ಟ್ ಅಷ್ಟು ಕೆಟ್ಟದ್ದಲ್ಲ, ಆದರೆ ಅದೇ ಜಾತಿ. ಅದಕ್ಕೇ ಬೇಸಿಗೆಯಲ್ಲಿ ಆಪಿನ ತಾಪಮಾನದ ಪಕ್ಕದಲ್ಲಿ ತೇವಾಂಶವನ್ನೂ, ರಾತ್ರಿಯ ಕನಿಷ್ಠವನ್ನೂ ನೋಡಿ. ರಾತ್ರಿ 20ಕ್ಕಿಂತ ಕೆಳಗೆ ಇಳಿಯದಿದ್ದರೆ ಅಲ್ಲಿನವರು ಅದಕ್ಕೆ "ಉಷ್ಣವಲಯದ ರಾತ್ರಿ" ಅನ್ನುತ್ತಾರೆ. ಮೇ ತಿಂಗಳಲ್ಲಿ ರಾತ್ರಿ 26 ಇದ್ದರೂ ಮಾಳಿಗೆ ಮೇಲೆ ಚಾಪೆ ಹಾಸಿ ಮಲಗುವ ನಮಗೆ ನಗು ಬರುತ್ತದೆ. ಆದರೆ ಅಲ್ಲಿ ಮಲಗಲು ಮಾಳಿಗೆಯಿಲ್ಲ, ಸುಮಾರು ಮನೆಗಳಲ್ಲಿ ಫ್ಯಾನೂ ಇಲ್ಲ, ಎಸಿಯೂ ಇಲ್ಲ. ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಹಾಗಂತ ಬಿಸಿಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2003ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಬಿಸಿಗಾಳಿಗೆ ಸುಮಾರು 15,000 ಜನ ತೀರಿಕೊಂಡರು, ಬಹಳಷ್ಟು ವಯಸ್ಸಾದವರು. 2021ರ ಆಗಸ್ಟಿನಲ್ಲಿ ಇಟಲಿಯ ಸಿಸಿಲಿ ದ್ವೀಪದಲ್ಲಿ 48.8 ಡಿಗ್ರಿ ದಾಖಲಾಯಿತು, ಯುರೋಪಿನಲ್ಲೇ ಅತಿ ಹೆಚ್ಚು. ರಾಯಚೂರಿನವರೂ ಬಾಯಿ ಮುಚ್ಚುವ ಅಂಕಿ ಅದು. ಅಂಥ ದಿನಗಳಲ್ಲಿ ನಮ್ಮ ಹಿರಿಯರು ಮಣ್ಣಿನ ಮಾಳಿಗೆ ಮನೆಯಲ್ಲಿ ಮಾಡುತ್ತಿದ್ದುದನ್ನೇ ಅಲ್ಲಿನವರೂ ಮಾಡುತ್ತಾರೆ. ಕಿಟಕಿಗೆ ಹೊರಗಿನಿಂದ ಮರದ ಪಟ್ಟಿ ಬಾಗಿಲು ಇರುತ್ತದೆ, ಬೆಳಗ್ಗೆ ಬಿಸಿಲು ಏರುವ ಮುಂಚೆ ಅದನ್ನು ಮುಚ್ಚಿ, ಸೂರ್ಯ ಮುಳುಗಿದ ಮೇಲೆ ತೆಗೆಯುತ್ತಾರೆ. ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ 9 ದಾಟಿದ ಮೇಲೆ, ಅದೂ ನೆನಪಿರಲಿ. ಸಂಜೆ 6ಕ್ಕೆ ತಂಪಾಗುತ್ತದೆ ಅಂತ ಹೊರಟರೆ ಸುಡುವ ಬಿಸಿಲು ಹಾಗೇ ಇರುತ್ತದೆ.

ಸಮುದ್ರಕ್ಕೆ ಬೇರೆ ಪಟ್ಟಿ

ನೀರಿಗೆ ಇಳಿಯುವ ಆಸೆ ಇದ್ದರೆ ಗಾಳಿಯ ತಾಪಮಾನ ಮರೆತು ನೀರಿನ ತಾಪಮಾನದ ಸಾಲು ಹುಡುಕಿ. ನೀಸಿನಲ್ಲಿ ಫೆಬ್ರುವರಿಯಲ್ಲಿ ಸಮುದ್ರ ಸುಮಾರು 13 ಡಿಗ್ರಿ, ಮೇ ತಿಂಗಳಲ್ಲಿ 17ರ ಆಸುಪಾಸು, ಆಗಸ್ಟಿನಲ್ಲಿ 24, 25. ಸೆಪ್ಟೆಂಬರಿನಲ್ಲಿ ಇನ್ನೂ 23 ಇರುತ್ತದೆ. ಮೇ ಮತ್ತು ಅಕ್ಟೋಬರಿನಲ್ಲಿ ಗಾಳಿ ಒಂದೇ ಆದರೂ, ಅಕ್ಟೋಬರಿನ ನೀರು ಮೇ ತಿಂಗಳಿಗಿಂತ ಬೆಚ್ಚಗೆ. ನಮ್ಮ ಗೋಕರ್ಣದ ಸಮುದ್ರ ವರ್ಷವಿಡೀ ಸುಮಾರು 27ರಿಂದ 30ರ ನಡುವೆ ಇರುತ್ತದೆ. ಸರಾಸರಿ ನೋಡಿದರೆ ನೀಸಿನ ಸಮುದ್ರ ತನ್ನ ಅತಿ ಬೆಚ್ಚನೆ ತಿಂಗಳಲ್ಲೂ ಗೋಕರ್ಣದ ಅತಿ ತಣ್ಣನೆ ತಿಂಗಳಿಗೆ ಸಮ ಬರುವುದಿಲ್ಲ! ಮೇ ತಿಂಗಳಲ್ಲಿ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರಿಗೆ ಒಗ್ಗಿದ ಮೈ, ಏಕಾಏಕಿ ಧುಮುಕಬೇಡಿ, ಮೊಣಕಾಲವರೆಗೆ ನಿಂತು ಮೈಗೆ ನೀರು ಹಚ್ಚಿಕೊಂಡು ಆಮೇಲೆ ಇಳಿಯಿರಿ. ಮರಳು ಸಿಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ನೀಸಿನ ದಂಡೆ ಪೂರಾ ಗುಂಡುಗಲ್ಲು, ತುಂಗಭದ್ರೆಯ ಹೊಳೆಯ ಕಲ್ಲಿನ ಹಾಗೆ. ಜುಲೈನಲ್ಲಿ ಕಾದಿರುತ್ತವೆ. ರಬ್ಬರಿನ ಶೂ ಬೇಕು.

ಮಳೆ ನಮ್ಮದಕ್ಕೆ ಪೂರ್ತಿ ತಿರುವುಮುರುವು. ಜೂನ್ ಬಂತು ಅಂದರೆ ಛತ್ರಿ ಅಲ್ವಾ ನಮಗೆ? ಅಲ್ಲಿ ಜುಲೈ ತಿಂಗಳಿಡೀ 12 ಮಿಲಿಮೀಟರ್ ಬಿದ್ದರೆ ಜಾಸ್ತಿ. ಬೇಸಿಗೆಯಲ್ಲಿ ಅಟ್ಲಾಂಟಿಕ್ ಕಡೆಯ ಅಧಿಕ ಒತ್ತಡದ ವಲಯ ಉತ್ತರಕ್ಕೆ ಸರಿದು ಮೋಡಗಳನ್ನು ತಡೆಯುತ್ತದೆ, ಚಳಿಗಾಲದಲ್ಲಿ ಅದು ಕೆಳಗೆ ಸರಿದಾಗ ಪಶ್ಚಿಮದ ಗಾಳಿ ಮಳೆ ತರುತ್ತದೆ. ಬೇಸಿಗೆ ಒಣ, ಚಳಿಗಾಲ ಒದ್ದೆ, ಮೆಡಿಟರೇನಿಯನ್ ಹವೆ ಅಂದರೆ ಇದೇ. ಹವೆಗಳನ್ನು ಹೀಗೆ ಜಾತಿವಾರು ವಿಂಗಡಿಸಿದವರು ಕೊಪ್ಪೆನ್ ಎಂಬ ವಿಜ್ಞಾನಿ, ಕೊಪ್ಪಳಕ್ಕೂ ಅವರಿಗೂ ಸಂಬಂಧವಿಲ್ಲ. ಅಕ್ಟೋಬರ್ ಎಲ್ಲಕ್ಕಿಂತ ಒದ್ದೆ, ಸರಾಸರಿ 130 ಮಿಲಿಮೀಟರ್. ಅದೂ ನಮ್ಮ ಚಿತ್ತಾ ಮಳೆಯ ಹಾಗೆ, ನಾಲ್ಕು ದಿನ ನೀಲಿ ಆಕಾಶ, ಐದನೇ ದಿನ ಕೊಡ ಬಗ್ಗಿಸಿದಂತೆ. 2020ರ ಅಕ್ಟೋಬರ್ 2ರಂದು ಅಲೆಕ್ಸ್ ಚಂಡಮಾರುತ ಬಂದಾಗ ನೀಸಿನ ಹಿಂದಿನ ಬೆಟ್ಟಗಳಲ್ಲಿ 24 ಗಂಟೆಗೆ ಸುಮಾರು 500 ಮಿಲಿಮೀಟರ್ ಸುರಿಯಿತು. ಹೆಚ್ಚುಕಮ್ಮಿ ನಮ್ಮ ಬಳ್ಳಾರಿಯ ಒಂದು ವರ್ಷದ ಮಳೆ ಒಂದೇ ದಿನಕ್ಕೆ. ಫ್ರಾನ್ಸಿನ ಹವಾಮಾನ ಇಲಾಖೆ ನಮ್ಮ ಇಲಾಖೆಯ ಹಾಗೇ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ ಎಚ್ಚರಿಕೆ ಕೊಡುತ್ತದೆ. ಕಿತ್ತಳೆ ಕಂಡರೆ ಬೆಟ್ಟದ ಕಡೆ ಪ್ರವಾಸ ಬಿಟ್ಟುಬಿಡಿ.

ಯಾವಾಗ ಹೋಗಬೇಕು ಅಂತ ಕೇಳಿದರೆ ನನ್ನ ಮತ ಸೆಪ್ಟೆಂಬರಿಗೆ. ಮಧ್ಯಾಹ್ನ 25, ರಾತ್ರಿ 17, ನೀರು ಬೆಚ್ಚಗೆ, ಶಾಲೆಗಳ ರಜೆ ಮುಗಿದು ಜನವೂ ಕಡಿಮೆ. ತಿಂಗಳ ಮೊದಲ ಅರ್ಧವಾದರೆ ಮಳೆಯ ಕಾಟವೂ ಕಡಿಮೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಜೂನ್ ಕೂಡ ಸರಿ. ಫೆಬ್ರುವರಿಯಲ್ಲಿ ಅಲ್ಲಿ ದೊಡ್ಡ ಕಾರ್ನಿವಲ್ ನಡೆಯುತ್ತದೆ, ಹೂವಿನ ಮೆರವಣಿಗೆ ಚಂದ, ಆದರೆ ರಾತ್ರಿ ಬೀದಿಯಲ್ಲಿ ನಿಂತು ನೋಡುವಾಗ 6, 7 ಡಿಗ್ರಿ. ಹಿಂದೆ ಇಂಗ್ಲೆಂಡಿನ ಶ್ರೀಮಂತರು ಚಳಿ ತಪ್ಪಿಸಿಕೊಳ್ಳಲು ಚಳಿಗಾಲದಲ್ಲೇ ನೀಸಿಗೆ ಬರುತ್ತಿದ್ದರು. ಕಡಲ ದಂಡೆಯ ಆ ರಸ್ತೆಗೆ "ಇಂಗ್ಲಿಷರ ರಸ್ತೆ" ಅನ್ನುವ ಅರ್ಥದ ಹೆಸರೇ ಇದೆ. ಉತ್ತರದ ಗಾಳಿಯನ್ನು ಆಲ್ಪ್ಸ್ ಬೆಟ್ಟ ತಡೆಯುವುದರಿಂದ ಅವರಿಗೆ ಅದು ಬೆಚ್ಚನೆ ಊರು. ಲಂಡನ್ನಿನಿಂದ ಬಂದವರಿಗೆ ಬೆಚ್ಚಗೆ, ಬಳ್ಳಾರಿಯಿಂದ ಬಂದವರಿಗೆ ಥಂಡಿ, ಅಂಕಿ ಮಾತ್ರ ಅದೇ 13.

ನೀವು ಹೋಗುವುದು ನೀಸ್ ಅಲ್ಲದೆ ಬೇರೆ ಕಡಲೂರಾದರೂ ಲೆಕ್ಕ ಇದೇ, ಅಂಕಿ ಮಾತ್ರ ಬದಲಿಸಿ. ಸ್ಪೇನಿನ ಮಲಗ ಜನವರಿಯಲ್ಲಿ 17ರವರೆಗೆ ಏರುತ್ತದೆ, ಚಳಿಗಾಲಕ್ಕೆ ನಮ್ಮವರಿಗೆ ಅದೇ ವಾಸಿ. ಟರ್ಕಿಯ ಅಂತಾಲ್ಯ ಆಗಸ್ಟಿನಲ್ಲಿ 34ರ ಆಸುಪಾಸು. ಫ್ರಾನ್ಸಿನದೇ ಮಾರ್ಸೇ ಊರಿಗೆ ಹೋದರೆ ತಾಪಮಾನದ ಜೊತೆಗೆ ಗಾಳಿಯ ವೇಗ ನೋಡಿ. ಅಲ್ಲಿ ಮಿಸ್ಟ್ರಲ್ ಅನ್ನುವ ಒಣ ತಣ್ಣನೆ ಗಾಳಿ ರೋನ್ ಕಣಿವೆಯಿಂದ ನುಗ್ಗುತ್ತದೆ, 10 ಡಿಗ್ರಿ ಇದ್ದದ್ದು ಮೈಗೆ 4ರ ಹಾಗೆ ಕೊರೆಯುತ್ತದೆ.

ಚಳಿ ಸಂಜೆಗೆ ಒಂದು ಉಪಾಯ: ನೀಸಿನ ಹಳೇ ಪೇಟೆಯಲ್ಲಿ ಸೊಕ್ಕಾ ಅಂತ ಸಿಗುತ್ತದೆ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ ಕಲಸಿ ದೊಡ್ಡ ತಾಮ್ರದ ತಟ್ಟೆಯಲ್ಲಿ ಹುಯ್ದು ಕಟ್ಟಿಗೆ ಒಲೆಯಲ್ಲಿ ಸುಡುತ್ತಾರೆ, ಅಂಚು ಕರಿದಾಗಿ ನಡುವೆ ಮೆತ್ತಗೆ. ಅವ್ವ ಕಾಗದದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಕೈ ಕಾಯಿಸಿಕೊಂಡು, ಒಂದು ಚೂರು ಬಾಯಿಗೆ ಹಾಕಿ, "ಮೆಣಸಿನಕಾಯಿ ಮರೆತ ಮಿರ್ಚಿ" ಅಂದಳು. ಮೂರು ತಿಂದಳು.

ವಾಪಸ್ ಬರುವುದಕ್ಕೂ ತಯಾರಿ ಬೇಕು, ಇದನ್ನು ಯಾರೂ ಹೇಳುವುದಿಲ್ಲ. ನಾವು ಮೂರು ವಾರ ಕಳೆದು ಏಪ್ರಿಲ್ ಮಧ್ಯದಲ್ಲಿ ಬಂದೆವು, 17ರಿಂದ ನೇರ 40ಕ್ಕೆ. ಹುಟ್ಟಾ ಬಳ್ಳಾರಿಯವರು, ನಮಗೇನಾಗುತ್ತದೆ ಅನ್ನುವ ಧೈರ್ಯ. ಆದರೆ ಬಿಸಿಲಿಗೆ ಒಗ್ಗಿದ ಮೈ ಕೆಲವೇ ವಾರ ತಂಪಿನಲ್ಲಿದ್ದರೆ ಆ ಒಗ್ಗಿಕೆ ಕಳೆದುಕೊಳ್ಳುತ್ತದೆ, ಮತ್ತೆ ಒಗ್ಗಲು ಒಂದೆರಡು ವಾರ ಬೇಕು. ಮೊದಲ ವಾರ 12ರಿಂದ 4ರವರೆಗೆ ಹೊರಗೆ ಹೋಗಬೇಡಿ, ಬಾಯಾರುವ ಮೊದಲೇ ನೀರು ಕುಡಿಯಿರಿ, ಉಪ್ಪು ಹಾಕಿದ ಮಜ್ಜಿಗೆ ದಿನಕ್ಕೆ ಎರಡು ಮೂರು ಲೋಟ. ನಾನು ಮಾರನೇ ದಿನವೇ ಮಧ್ಯಾಹ್ನ ಬೈಕ್ ತೆಗೆದು ಬ್ಯಾಂಕಿಗೆ ಹೋಗಿ, ಕ್ಯೂನಲ್ಲಿ ತಲೆಸುತ್ತಿ ಕುಳಿತುಬಿಟ್ಟೆ. ಮನೆಗೆ ಬಂದರೆ ಅವ್ವ ಫ್ಯಾನಿನ ಕೆಳಗೆ ನೆಲದ ಮೇಲೆ ಒದ್ದೆ ಟವೆಲ್ ಹೊದ್ದು ಮಲಗಿದ್ದಾಳೆ, ಪಕ್ಕದಲ್ಲಿ ಮಜ್ಜಿಗೆ ತಂಬಿಗೆ, ಕೈಯಲ್ಲಿ ಮೊಬೈಲು. "ಅಲ್ಲಿ ಇವತ್ತು ಎಷ್ಟೈತೆ ನೋಡು" ಅಂದಳು.